ಎಡಕ್ಕೆ ಎಳೆಯುವ ಸ್ಟೇರಿಂಗು

ಹೆದರುವವರ ಮೇಲೆ ಕಪ್ಪೆ ಎಸೆದರು ಅನ್ನುತ್ತಾರೆ. ನನ್ನ ಮೇಲೆ ಬಿದ್ದಷ್ಟು ಕಪ್ಪೆ ಈ ಸೀಮೆಯಲ್ಲಿ ಇನ್ನಾರ ಮೇಲೂ ಬಿದ್ದಿರಲಿಕ್ಕಿಲ್ಲ. ಲಕ್ಷ್ಮೇಶ್ವರದಲ್ಲಿ ನಮ್ಮದು ತಲೆತಲಾಂತರದಿಂದ ಗುಡಿಯ ಪೂಜೆ ಮಾಡಿಕೊಂಡು ಬಂದ ಮನೆತನ. ನಾನೋ ಹುಟ್ಟಾ ಅಂಜುಬುರುಕ. ಗರ್ಭಗುಡಿಯ ಕತ್ತಲಿಗೂ ಅಲ್ಲಿಯ ಬಾವಲಿಗಳಿಗೂ ಹೆದರಿಯೇ ಪೂಜಾರಿಕೆ ಒಲ್ಲೆ ಎಂದು ಗದಗಿಗೆ ಓಡಿಬಂದೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ಗೆಳೆಯನ ಮನೆಯ ಜೀಪು ಓಡಿಸಿ ಲೈಸೆನ್ಸ್ ಮಾಡಿಸಿಕೊಂಡಿದ್ದೆ, ನನಗೆ ಬರುತ್ತಿದ್ದ ವಿದ್ಯೆ ಅದೊಂದೇ. ಅದರ ಮೇಲೆ ಬೆಟಗೇರಿಯ ಒಬ್ಬ ಸಾವಕಾರರ ಡ್ರೈವಿಂಗ್ ಸ್ಕೂಲಿನಲ್ಲಿ ಮಾಸ್ತರಿಕೆ ಸಿಕ್ಕಿತು.

ಹೊರಡುವಾಗ ಅಪ್ಪ ಹೇಳಿದ್ದು ಒಂದೇ ಮಾತು. "ನೌಕರಿ ನಿಂತ್ರ ನಿಂತಿತು. ನಿಲ್ಲಲಿಲ್ಲಂದ್ರ ಹೆಚ್ಚು ಮಾತಾಡಬ್ಯಾಡ, ಸುಮ್ಮನ ಬಂದು ಗಂಟಿ ಹಿಡಿ."

ನಾನು ಹೂಂ ಅಂದಿದ್ದೆ. ಬಾವಲಿಗಳಿಂದ ಪಾರಾದೆ ಎಂದುಕೊಂಡೇ ಬಸ್ಸು ಹತ್ತಿದ್ದೆ.

ಗೋಡೆಯ ಮೇಲಿನ ಮನುಷ್ಯ

ಸಾವಕಾರರದು ಶೇಂಗಾ ವ್ಯಾಪಾರ. ಸ್ಕೂಲಿಗೆಂದು ಹಳೆಯ ಜೀಪು ಕೊಂಡಿದ್ದರೇ ಹೊರತು ಪೆಟ್ರೋಲು ಸುಡುವುದನ್ನು ನೋಡಿದರೆ ಅವರ ಹೊಟ್ಟೆ ಉರಿಯುತ್ತಿತ್ತು. "ಮೊದ್ಲ ಖೋಲ್ಯಾಗ ಕಲೀಲಿ, ಆಮ್ಯಾಲೆ ರೋಡಿಗೆ ಹೋಗ್ಲಿ" ಎಂದು ತಮ್ಮ ಲಾರಿಗಳನ್ನು ನೋಡಿಕೊಳ್ಳುವ ಮಿಸ್ತ್ರಿಯ ಕೈಯಲ್ಲಿ ಕಟ್ಟಿಗೆಯ ಬೆಂಚೊಂದನ್ನು ಮಾಡಿಸಿದರು. ಅದಕ್ಕೆ ಗುಜರಿಯಿಂದ ತಂದ ಲಾರಿಯ ಸ್ಟೇರಿಂಗು, ಕಾಲಡಿಗೆ ಪೆಡಲುಗಳು, ಪಕ್ಕಕ್ಕೊಂದು ಗೇರಿನ ಕೋಲು. ಸ್ಟೇರಿಂಗಿನ ಬುಡದಲ್ಲಿ ಒಂದು ನಟ್ಟು. ಪಾನಾ ಹಚ್ಚಿ ಬಿಗಿ ಮಾಡಿದರೆ ತಿರುಗಿಸುವುದು ಭಾರ, ಸಡಿಲಿಸಿದರೆ ಹಗುರ. ಎರಡೂ ಬದಿಗೆ ಸ್ಪ್ರಿಂಗು ಇತ್ತು, ಕೈ ಬಿಟ್ಟರೆ ಸ್ಟೇರಿಂಗು ತಾನಾಗಿ ನೆಟ್ಟಗೆ ಬಂದು ನಿಲ್ಲಬೇಕು. ಕಲಿಯಲು ಬಂದವರ ಕೈಗೆ ತಕ್ಕಂತೆ ಇದನ್ನೆಲ್ಲ ಹೊಂದಿಸಿ ಕೊಡುವುದು ನನ್ನ ಕೆಲಸ. ಬರೇ ಗೋಡೆ ನೋಡುತ್ತ ಹೇಗೆ ಗಾಡಿ ಹೊಡೆಯುತ್ತಾರೆಂದು ಎದುರಿನ ಗೋಡೆಯ ತುಂಬ ಪೇಂಟರನೊಬ್ಬನಿಂದ ದಾರಿ ಬರೆಸಿದ್ದರು. ನೆಟ್ಟಗಿನ ರಸ್ತೆ, ಅಕ್ಕಪಕ್ಕ ಬೇವಿನ ಗಿಡ, ದೂರದಲ್ಲಿ ಒಂದು ತಿರುವು.

ತಿರುವಿನಲ್ಲಿ ಬಿಳೀ ಧೋತರದ ಒಬ್ಬ ಮನುಷ್ಯ ನಿಂತಿದ್ದ. ಅವನಿಗೆ ಮುಖ ಬರೆದಿರಲಿಲ್ಲ.

ಹಿರೇವಡ್ಡಟ್ಟಿಯ ಗೌಡರೊಬ್ಬರು ನನ್ನ ಮೊದಲ ಶಿಷ್ಯರು. ಟ್ರ್ಯಾಕ್ಟರ್ ತರಬೇಕೆಂದಿದ್ದರು, ಅದಕ್ಕೆ ಲೈಸೆನ್ಸ್ ಬೇಕಿತ್ತು. ಎತ್ತು ಹೊಡೆದ ಕೈ ಅವರದು. "ಇದು ಭಾಳ ಹಗುರಾತು ಮಾಸ್ತರ, ಜಗ್ಗಿದ್ರ ಜಗ್ಗಿದಂಗ ಆಗ್ಬೇಕು" ಎಂದು ನಟ್ಟು ಬಿಗಿ ಮಾಡಿಸಿಕೊಂಡು, ಬೆವರು ಸುರಿಸಿ ಸ್ಟೇರಿಂಗು ತಿರುಗಿಸುತ್ತಿದ್ದರು. ಒಂದು ದಿನ ನಡುವೆಯೇ ಕೈ ಬಿಟ್ಟು ನನ್ನನ್ನು ಕರೆದರು.

"ಮಾಸ್ತರ, ಅಂವ ಮುಂದ ಬಂದಾನ."

"ಯಾರ್ರೀ?"

"ಆ ಧೋತರದಾಂವ. ಹ್ವಾದ ವಾರ ಗಿಡದ ಆಚೆ ಇದ್ದಂಗ ಇದ್ದ. ಇವತ್ತ ನೋಡ್ರಿ."

ನೋಡಿದೆ. ನನಗೂ ಹಾಗೆಯೇ ಕಂಡಿತು. ಆಮೇಲೆ ಧೈರ್ಯ ಮಾಡಿ ಬಗ್ಗಿ ನೋಡಿದರೆ, ಗೌಡರು ಬ್ರೇಕು ಒದೆಯುವ ರಭಸಕ್ಕೆ ಬೆಂಚೇ ದಿನಕ್ಕಿಷ್ಟು ಗೋಡೆಯ ಕಡೆಗೆ ಜಾರುತ್ತಿತ್ತು. ನೆಲದ ಮೇಲೆ ಗೆರೆ ಬಿದ್ದದ್ದನ್ನು ತೋರಿಸಿ, ಅವನು ಬರುತ್ತಿಲ್ಲ, ನಾವೇ ಹೋಗುತ್ತಿದ್ದೇವೆ ಎಂದು ಸಮಾಧಾನ ಹೇಳಿದೆ.

"ನಾವ ಅವನ ಕಡೆ ಹೊಂಟೇವೇನು? ಅದು ಇನ್ನೂ ಕೆಟ್ಟ ಅಲ್ರೀ ಮಾಸ್ತರ" ಎಂದರು ಗೌಡರು.

ಅವರು ಹೇಳಿದ್ದು ಖರೆ ಅನ್ನಿಸಿತು. ಬೆಂಚು ಹಿಂದಕ್ಕೆ ಸರಿಸಿ ಪೇಂಟರನಿಗೆ ಹೇಳಿ ಕಳಿಸಿದೆ. ಒಂದೋ ಆ ಮನುಷ್ಯನನ್ನು ಅಳಿಸು, ಇಲ್ಲವೇ ಅವನಿಗೊಂದು ಮುಖವನ್ನಾದರೂ ಬರೆ ಎಂದೆ. ಪೇಂಟರು ಗೋಡೆಯ ಹತ್ತಿರ ಹೋಗಿ ಬಹಳ ಹೊತ್ತು ನೋಡಿದ. ಕೈಯಿಂದ ಒಮ್ಮೆ ಸವರಿದ. ಆಮೇಲೆ ನನ್ನ ಕಡೆ ತಿರುಗಿ ತಣ್ಣಗೆ ಹೇಳಿದ.

"ನಾ ಬರದದ್ದು ಮೈಲಿಗಲ್ಲು ರೀ. ಮನಶ್ಯಾನ್ನ ಬರದೇ ಇಲ್ಲ. ಮನಶ್ಯಾಂದು ರೇಟ್ ಬ್ಯಾರೆ ಐತಿ."

ಮಟಮಟ ಮಧ್ಯಾಹ್ನ

ಬೆಟಗೇರಿಯಲ್ಲಿ ಹಗಲೆಲ್ಲ ಮಗ್ಗದ ಸಪ್ಪಳ. ಅದು ಕಿವಿಗೆ ಎಷ್ಟು ರೂಢಿಯಾಗಿರುತ್ತದೆ ಎಂದರೆ ನಿಂತಾಗ ಮಾತ್ರ ಕೇಳಿಸುತ್ತದೆ. ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲ ಮಗ್ಗಗಳೂ ಒಂದೊಂದಾಗಿ ನಿಂತು ಇಡೀ ಓಣಿ ಉಸಿರು ಹಿಡಿದಂತಾಗುತ್ತಿತ್ತು. ದೆವ್ವಗಳು ಅಡ್ಡಾಡುವುದು ಮಟಮಟ ಮಧ್ಯಾಹ್ನವೇ ಎಂದು ನನ್ನಜ್ಜಿ ಹೇಳುತ್ತಿದ್ದಳು. ಬಾಗಿಲ ಬಳಿ ಕೂತು ರೊಟ್ಟಿ ಬಿಚ್ಚುವಾಗ ನನಗೆ ದಿನಾ ಆ ಅಜ್ಜಿಯದೇ ನೆನಪು.

ಆ ದಿನ ಗೌಡರು ಆಗಷ್ಟೇ ಎದ್ದುಹೋಗಿದ್ದರು. ಮಗ್ಗಗಳು ನಿಂತವು. ನಾನು ರೊಟ್ಟಿ ಮುರಿದು ಬಾಯಿಗಿಡುವಷ್ಟರಲ್ಲಿ ಬೆನ್ನ ಹಿಂದೆ 'ಕಿರ್ರ್' ಎಂದಿತು. ತಿರುಗಿ ನೋಡಿದೆ. ಖಾಲಿ ಸೀಟಿನ ಮುಂದೆ ಸ್ಟೇರಿಂಗು ತಾನೇ ತಿರುಗುತ್ತಿತ್ತು. ಅವಸರವಿಲ್ಲದೆ, ಬಹಳ ನಿದಾನವಾಗಿ, ತಿರುವನ್ನು ದೂರದಿಂದಲೇ ಕಂಡ ಅನುಭವಸ್ಥ ಡ್ರೈವರನೊಬ್ಬ ತಿರುಗಿಸುವ ಹಾಗೆ. ಪೂರ್ತಿ ಎಡಕ್ಕೆ ಹೋಗಿ ನಿಂತಿತು. ಸ್ವಲ್ಪ ಹೊತ್ತು ಹಾಗೇ ಇದ್ದು ಅಷ್ಟೇ ನಿದಾನವಾಗಿ ನೆಟ್ಟಗಾಯಿತು.

ಬಾಯೊಳಗಿನ ರೊಟ್ಟಿ ಬಾಯೊಳಗೇ ಉಳಿಯಿತು. ತಗಡಿನ ಮಾಳಿಗೆ ಕಾದು, ನಟ್ಟಿಗೆ ಹಚ್ಚಿದ ಗ್ರೀಸು ಕರಗಿ, ಬಿಗಿಯಾಗಿದ್ದ ಸ್ಪ್ರಿಂಗು ಸಡಿಲಾಗಿರಬೇಕು ಎಂದು ಇವತ್ತು ಕೂತು ಹೇಳಬಲ್ಲೆ. ಆಗ ಇದೊಂದೂ ಹೊಳೆಯಲಿಲ್ಲ. ರೊಟ್ಟಿಯ ಗಂಟನ್ನು ಅಲ್ಲೇ ಬಿಟ್ಟು ಸಾವಕಾರರ ಅಂಗಡಿಗೆ ಓಡಿದೆ. ಏದುಸಿರು ಬಿಡುತ್ತ ಎಲ್ಲ ಹೇಳಿದೆ. ಅವರು ಶೇಂಗಾ ಸುಲಿದು ಬಾಯಿಗೆ ಹಾಕಿಕೊಂಡು ಕೇಳಿದರು.

"ಯಾ ಕಡೆ ತಿರಗಿತು?"

"ಎಡಕ್ಕ ರೀ."

"ಕೈ ತೋರಿಸದ ಬಲಕ್ಕ ತಿರಗಿದ್ರ ಹೇಳು. ಎಡಕ್ಕ ಹೊಂಟೈತಂದ್ರ ರೂಲ್ಸ್ ಗೊತ್ತೈತಿ ಅದಕ್ಕ. ನಿನ್ನ ಶಿಷ್ಯಾರಕಿಂತ ಚಲೋ ಐತಿ."

ಒಂದು ಸೀಟು, ಇಬ್ಬರು

ಸ್ಟೇರಿಂಗು ಎಡಕ್ಕೆ ಎಳೆಯುವುದನ್ನು ನಿಲ್ಲಿಸಬೇಕೆಂದು ಮಿಸ್ತ್ರಿಯನ್ನು ಕರೆಸಿದೆ. ಅವನು ನಟ್ಟು ಬಿಚ್ಚಿದ, ಎರಡೂ ಸ್ಪ್ರಿಂಗು ಅದಲು ಬದಲು ಮಾಡಿದ, ಮತ್ತೆ ಬಿಗಿದ. ಕೈ ಬಿಟ್ಟು ನೋಡಿದರೆ ಮತ್ತೂ ಎಡಕ್ಕೇ. ಬೀಡಿ ಹಚ್ಚಿಕೊಂಡು ಬೆಂಚಿನ ಮೇಲೆ ಕೂತು, ಹವಾಪಾನಿಯ ಮಾತು ಆಡುವಷ್ಟು ಸಲೀಸಾಗಿ ಹೇಳಿದ.

"ಆ ಡ್ರೈವರನ ಕೈಗುಣ ಇರಬೇಕ್ರಿ."

"ಯಾ ಡ್ರೈವರ?"

"ಇದು ಶಿರಹಟ್ಟಿ ಕಡೆ ಹಳ್ಳಕ್ಕ ಬಿದ್ದ ಲಾರೀದಲ್ರೀ. ಅಂವ ಸತ್ರೂ ಸ್ಟೇರಿಂಗ್ ಬಿಟ್ಟಿದ್ದಿಲ್ಲಂತ. ಒಂದೊಂದ ಬೆರಳ ಬಿಡಿಸಿ ತಗದ್ರಂತ."

ಸ್ಟೇರಿಂಗಿನ ಕರಿ ಬಣ್ಣ ಎರಡು ಕಡೆ ಸವೆದು ಬಿಳುಪಾಗಿತ್ತು. ಕಲಿಯಲು ಕೂತವರ ಕೈ ಯಾರೂ ಹೇಳದೆಯೇ ಅಲ್ಲಿಗೇ ಹೋಗುತ್ತಿತ್ತು. ನಾನು ಅಲ್ಲಿಂದ ಕಣ್ಣು ತೆಗೆಯಲಾರದೆ ಕೇಳಿದೆ.

"ಇದನ್ನ ಮೊದಲ ಯಾಕ ಹೇಳಲಿಲ್ಲ ಮಾರಾಯ?"

"ನೀವೆಲ್ಲಿ ಕೇಳಿದ್ರಿ? ನಟ್ಟ ಟೈಟ್ ಐತೇನ ಅಂತ ಕೇಳಿದ್ರಿ. ಐತಿ ಅಂದೆ."

ನನಗೆ ಹೇಳಿ ಸುಮ್ಮನಾಗಿದ್ದರೆ ಆಗುತ್ತಿತ್ತು. ಅವನು ಚಾದಂಗಡಿಯಲ್ಲೂ ಹೇಳಿದ. ಒಂದು ಚಾಕ್ಕೆ ಒಂದು ಬೆರಳಿನಂತೆ ಕಥೆ ಉದ್ದವಾಯಿತು. ಶಿಷ್ಯರು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ಗೌಡರೊಬ್ಬರು ಮಾತ್ರ ಉಳಿದರು, ಅದೂ ಕಾಲಿಡುವ ಮುನ್ನ ಹೊಸ್ತಿಲಿಗೆ ಕೈಮುಗಿದು ಒಳಗೆ ಬರುತ್ತಿದ್ದರು. ಸಾವಕಾರರು ಬಂದು ಖೋಲಿಯ ಉದ್ದಗಲ ನೋಡಿದರು. "ಅಮಾಸಿ ತನಕ ನೋಡೂಣು. ಮಂದಿ ಬರಲಿಲ್ಲಂದ್ರ ಇಲ್ಲಿ ಶೇಂಗಾ ಚೀಲ ಒಟ್ಟಸ್ತೀನಿ" ಎಂದರು.

ನನ್ನ ಕಣ್ಣ ಮುಂದೆ ಲಕ್ಷ್ಮೇಶ್ವರದ ಬಾವಲಿಗಳು ರೆಕ್ಕೆ ಬಡಿದವು. ಇಲ್ಲಿ ಒಂದು ದೆವ್ವ, ಅಲ್ಲಿ ಜನ್ಮವಿಡೀ ಕತ್ತಲು. ದೆವ್ವವೇ ಇರಲಿ ಎಂದು ಬಾಯಿಬಿಟ್ಟು ಹೇಳುವಷ್ಟರ ಮಟ್ಟಿಗೆ ಬಂದೆ. ಬಿಟ್ಟುಹೋದ ಶಿಷ್ಯರ ಮನೆಮನೆಗೆ ಹೋಗಿ ಕೈಕಾಲು ಹಿಡಿದೆ. ಒಬ್ಬೊಬ್ಬರದು ಒಂದೊಂದು ನೆವ. ಅರಿವೆ ಅಂಗಡಿಯವನೊಬ್ಬ ಮಾತ್ರ ಒಳ್ಳೆಯ ಮನುಷ್ಯ, ಸುಳ್ಳು ಹೇಳಲಿಲ್ಲ.

"ಕಲಿಯೂ ಆಸೆ ಭಾಳ ಐತ್ರಿ ಮಾಸ್ತರ. ಆದ್ರ ಒಂದ ಸೀಟಿನ ಮ್ಯಾಲೆ ಇಬ್ರು ಹೆಂಗ ಕುಂಡ್ರೂದು?"

ಲಾರಿ ನಂಬರಿನ ಸಂಕಲ್ಪ

ನಮ್ಮ ಕಡೆ ಅಮಾವಾಸ್ಯೆ ಬಂತೆಂದರೆ ಗಾಡಿ ಇದ್ದವರೆಲ್ಲ ಅದನ್ನು ತೊಳೆದು, ಪೂಜೆ ಮಾಡಿ, ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟು ಮುಂದಕ್ಕೆ ಬಿಡುತ್ತಾರೆ. ಹಣ್ಣು ಪಚ್ಚಕ್ಕನೆ ಒಡೆದರೆ ಪೀಡೆ ಹೋಯಿತು. ಬೆಂಚಿಗೂ ಇದನ್ನೇ ಮಾಡಿಸೋಣ ಎಂದರು ಸಾವಕಾರರು. ಭಟ್ಟರು ಯಾರೂ ಒಪ್ಪಲಿಲ್ಲ. ಕೊನೆಗೆ ನನ್ನಪ್ಪನನ್ನೇ ಕರೆಸಬೇಕಾಯಿತು. ಯಾವ ಗಂಟೆಯಿಂದ ತಪ್ಪಿಸಿಕೊಂಡು ಬಂದಿದ್ದೆನೋ ಅದೇ ಗಂಟೆಯನ್ನು ಚೀಲದಲ್ಲಿ ಹಾಕಿಕೊಂಡು ಅಪ್ಪ ಬಸ್ಸಿಳಿದರು. ನನಗೆ ಅಳುವೇ ಬಂದಿತ್ತು.

ಅಪ್ಪ ಬೆಂಚನ್ನು ಒಂದು ಸುತ್ತು ಹಾಕಿ ನೋಡಿದರು. ಮಣೆ ಹಾಕಿಕೊಂಡು ಕೂತು ಮಿಸ್ತ್ರಿಯನ್ನು ಕೇಳಿದರು.

"ತೀರಿಕೊಂಡಾವನ ಹೆಸರೇನು? ಗೋತ್ರ ಏನು?"

"ಅದೊಂದೂ ಗೊತ್ತಿಲ್ರಿ ಭಟ್ರ. ಲಾರಿ ನಂಬರ ನೆಪ್ಪೈತಿ."

ಅಪ್ಪ ಒಂದು ಕ್ಷಣ ಕಣ್ಣು ಮುಚ್ಚಿದರು. ಶಾಸ್ತ್ರದಲ್ಲಿ ಇದಕ್ಕೆ ಎಲ್ಲಿ ಜಾಗವಿದೆ ಎಂದು ಹುಡುಕುತ್ತಿದ್ದರೆಂದು ಕಾಣುತ್ತದೆ. ಆಮೇಲೆ ನೀರು ಬಿಟ್ಟು, ಊರಿನ ಹೆಸರು, ತಿಥಿ, ವಾರ ಎಲ್ಲ ಹೇಳಿ, ಗೋತ್ರದ ಜಾಗದಲ್ಲಿ ಸ್ಪಷ್ಟವಾಗಿ, ಸ್ವರ ಸಮೇತ, ಲಾರಿಯ ನಂಬರು ಹೇಳಿದರು. ಮಿಸ್ತ್ರಿ ಭಕ್ತಿಯಿಂದ ತಲೆಬಾಗಿದ.

ತೊಡಕು ಬಂದದ್ದು ಲಿಂಬೆಹಣ್ಣಿನಲ್ಲಿ. ಬೆಂಚಿಗೆ ಗಾಲಿ ಎಲ್ಲಿಂದ ಬರಬೇಕು? ಕಾಲುಗಳ ಮುಂದೆ ಹಣ್ಣು ಇಟ್ಟು, ನಾನು, ಮಿಸ್ತ್ರಿ, ಗೌಡರು ಹಿಂದಿನಿಂದ ನೂಕಿದೆವು. ಅಪ್ಪ ಮುಂದೆ ನಿಂತು ಗಂಟೆ ಬಾರಿಸಿದರು. ಬಲಗಡೆಯ ಹಣ್ಣುಗಳು ಒಡೆದವು. ಅಷ್ಟರಲ್ಲಿ 'ಕಿರ್ರ್' ಎಂದು ಸ್ಟೇರಿಂಗು ಎಡಕ್ಕೆ ತಿರುಗಿತು. ನೂಕುತ್ತಿದ್ದ ಬೆಂಚೂ ಎಡಕ್ಕೆ ವಾಲಿ, ಎಡಗಡೆಯ ಹಣ್ಣೊಂದನ್ನು ತಪ್ಪಿಸಿ ಸುತ್ತುಹಾಕಿ ಮುಂದೆ ಹೋಗಿ ನಿಂತಿತು. ಕಟ್ಟಿಗೆಯ ಬೆಂಚಿಗೂ ಸ್ಟೇರಿಂಗಿಗೂ ಯಾವ ಸಂಬಂಧವೂ ಇರಲಿಲ್ಲ. ಸ್ಟೇರಿಂಗು ಯಾವ ಕಡೆ ತಿರುಗಿದರೂ ಬೆಂಚಿನ ಕಾಲು ತಿರುಗುವ ಹಾಗಿರಲಿಲ್ಲ. ಅಪ್ಪನ ಕೈಯೊಳಗಿನ ಗಂಟೆ ನಿಂತಿತ್ತು. ಒಡೆಯದ ಆ ಹಣ್ಣು ನೆಲದ ಮೇಲೆ ಹಳದಿಯಾಗಿ ಕೂತಿತ್ತು.

ಗೌಡರು ಅದನ್ನು ಎರಡೂ ಕೈಯಿಂದ ಎತ್ತಿಕೊಂಡು ಕಣ್ಣಿಗೆ ಒತ್ತಿಕೊಂಡರು. "ಎಷ್ಟ ಚಂದ ಕಟ್ ಹೊಡದ್ರು ನೋಡ್ರಿ" ಎಂದರು. "ಕಲತ್ರ ಇವರ ಕಡೆನ ಕಲೀಬೇಕು."

ಹಿಂದಿನ ಸೀಟು

ಲೈಸೆನ್ಸ್ ಕೊಡುವ ಸಾಹೇಬರು ಆಗ ಗದಗಿಗೆ ಕ್ಯಾಂಪು ಬರುತ್ತಿದ್ದರು. ಅಮಾವಾಸ್ಯೆ ಮುಗಿದಿದ್ದರೂ ಗೌಡರ ಪರೀಕ್ಷೆಯ ತನಕ ಸಾವಕಾರರು ತಾಳಿದ್ದರು. ಉಳಿದ ಒಬ್ಬ ಶಿಷ್ಯ ಪಾಸಾದರೆ ಸ್ಕೂಲು ಉಳಿದೀತು, ಫೇಲಾದರೆ ಶೇಂಗಾ ಚೀಲ. ಗೌಡರಿಗಿಂತ ಹೆಚ್ಚು ದೇವರನ್ನು ನಾನೇ ನೆನೆದೆ. ಜೀಪಿನಲ್ಲಿ ಗೌಡರು ಸ್ಟೇರಿಂಗು ಹಿಡಿದರು, ಪಕ್ಕದಲ್ಲಿ ಸಾಹೇಬರು, ಹಿಂದೆ ನಾನು. ಮುಂಡರಗಿ ರಸ್ತೆಗೆ ಹೊರಟೆವು. ಸಂಜೆಯ ಹೊತ್ತು, ಎರೆಹೊಲಗಳಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಗೌಡರು ಹೂವು ಎತ್ತಿದಂತೆ ಓಡಿಸಿದರು. ನನಗೇ ನಂಬಿಕೆ ಬರಲಿಲ್ಲ. ಸಾಹೇಬರು ಖುಷಿಯಾಗಿ ಕೇಳಿದರು. "ಭಾಳ ಚಲೋ ಹೊಡಿತೀರಿ. ಯಾರು ಕಲಿಸಿದ್ರು?"

"ಇಬ್ರು ರೀ. ಬ್ರೇಕು, ಗೇರು ಇವರು ಕಲಿಸಿದ್ರು. ಸ್ಟೇರಿಂಗ್ ಕಲಿಸಿದವರು ತೀರಿಕೊಂಡಾರ."

"ಅಯ್ಯ ಪಾಪ. ಯಾವಾಗ ತೀರಿಕೊಂಡ್ರು?"

"ನಾ ಕಲಿಯಾಕ ಬರೂಕಿಂತ ಮೊದ್ಲ ರೀ."

ಸಾಹೇಬರು ಮೆಲ್ಲಗೆ ತಿರುಗಿ ಹಿಂದಿನ ಸೀಟಿನಲ್ಲಿ ನನ್ನ ಪಕ್ಕದ ಖಾಲಿ ಜಾಗ ನೋಡಿದರು. ಆಮೇಲೆ ಗೌಡರ ಮುಖ ನೋಡಿದರು. ಅದರಲ್ಲಿ ಚೇಷ್ಟೆಯ ಸುಳಿವೇ ಇರಲಿಲ್ಲ.

"ಈಗ... ಅವರು ಇಲ್ಲಿಲ್ಲಲ್ಲ?"

"ಅದಾರ ರೀ. ತಿರುವು ಬಂತಂದ್ರ ಎಡಕ್ಕ ಎಳೀತಾರ. ಹಾಂ, ನೋಡ್ರಿ, ಎಳದ್ರು."

ಸಾಹೇಬರು ಅಲ್ಲೇ ಗಾಡಿ ನಿಲ್ಲಿಸಲು ಹೇಳಿ, ಬಾನೆಟ್ಟಿನ ಮೇಲೆ ಕಾಗದ ಇಟ್ಟು ಪಾಸು ಮಾಡಿ ಸಹಿ ಹಾಕಿದರು. ಗದಗಿಗೆ ಕರೆದೊಯ್ಯುತ್ತೇವೆ ಬನ್ನಿ ಎಂದರೆ ಹತ್ತಲಿಲ್ಲ. ಡಾಕ್ಟರರು ನಡೆಯಲು ಹೇಳಿದ್ದಾರಂತೆ.

ಇಲ್ಲೇನ್ರೀ ನಾ ಇರೂದು?

ಗೌಡರು ಪಾಸಾದದ್ದೇ ತಡ, ಕಥೆ ತಿರುಗಿಬಿಟ್ಟಿತು. ಹೆದರಿ ಓಡಿದವರೆಲ್ಲ ಸಾಲುಗಟ್ಟಿ ಬಂದರು. ಅಸುಂಡಿಯಿಂದ ಬಂದರು, ನಾಗಾವಿಯಿಂದ ಬಂದರು. ಸತ್ತ ಡ್ರೈವರು ಕೈಹಿಡಿದು ಕಲಿಸುತ್ತಾನೆಂದು ಸುದ್ದಿ. ಒಳಗೆ ಬಂದವರು ಚಪ್ಪಲಿ ಹೊರಗೆ ಬಿಡುತ್ತಿದ್ದರು. "ಮಾಸ್ತರ, ನೀವು ಹೊರಗ ಕುಂಡ್ರಿ. ನೀವಿದ್ರ ಅವರು ಸಂಕೋಚ ಮಾಡ್ಕೋತಾರ" ಎನ್ನುತ್ತಿದ್ದರು. ನಾನು ಪಾನಾ ಹಿಡಿದು ಹೋದರೆ ಕೈ ಅಡ್ಡ ಹಿಡಿಯುತ್ತಿದ್ದರು. "ಭಾರ ಇರಲಿ, ಹಗುರ ಇರಲಿ, ಅವರಿಗೆ ಹೆಂಗ ಬೇಕೋ ಹಂಗ ಇಟ್ಟಾರ. ನೀವು ಮುಟ್ಟಬ್ಯಾಡ್ರಿ."

ಹೀಗಿರುವಾಗ ಒಂದು ಮಧ್ಯಾಹ್ನ, ಮಗ್ಗಗಳು ನಿಂತ ಹೊತ್ತಿಗೆ, ಬಾಗಿಲಲ್ಲಿ ಒಬ್ಬ ಬಂದು ನಿಂತ. ಕುಂಟುಗಾಲು, ಹಣೆಯ ಮೇಲೆ ಉದ್ದನೆಯ ಗಾಯದ ಕಲೆ. ನಾಲ್ಕೈದು ಮಂದಿ ಶಿಷ್ಯರು ಪಾಳಿಗೆ ಕೂತಿದ್ದರು. ಅವನು ನನ್ನನ್ನು ನೋಡಿ ಸೌಜನ್ಯದಿಂದ ಕೇಳಿದ.

"ಇಲ್ಲೇನ್ರೀ ನಾ ಇರೂದು?"

ನನಗೆ ತಿಳಿಯಲಿಲ್ಲ. ಅವನು ಸ್ಟೇರಿಂಗಿನ ಕಡೆ ಕೈ ಮಾಡಿದ. "ಆ ಲಾರಿ ಡ್ರೈವರ ನಾನ ರೀ. ನಾ ಇಲ್ಲೇ ಇರ್ತೀನಿ ಅಂತ ಊರಾಗೆಲ್ಲಾ ಹೇಳಾಕತ್ತಾರ. ನೋಡಿ ಹ್ವಾದರಾತು ಅಂತ ಬಂದೆ."

ಅವನು ಹೋಗಿ ಸೀಟಿನ ಮೇಲೆ ಕೂತ. ಸವೆದ ಎರಡೂ ಜಾಗದಲ್ಲಿ ಅವನ ಬೆರಳುಗಳು ಅಳತೆ ತೆಗೆದುಕೊಂಡು ಮಾಡಿಸಿದಂತೆ ಕೂತವು. "ಇದು ಮೊದಲಿಂದ ಎಡಕ್ಕ ಎಳಿತಿತ್ತು. ಹೇಳಿ ಹೇಳಿ ಸಾಕಾತು, ಯಾರೂ ರಿಪೇರಿ ಮಾಡಲಿಲ್ಲ. ಅದಕ್ಕ ಹಳ್ಳಕ್ಕ ಬಿದ್ದೆ" ಎಂದ. ದವಾಖಾನೆಯಲ್ಲಿ ಬಹಳ ದಿನ ಮಲಗಿ ಎದ್ದು ಬಂದಿದ್ದ. ಬಂದು ನೋಡಿದರೆ ಊರು ಅವನನ್ನು ಸಾಯಿಸಿತ್ತು. ಲಾರಿ ಕೊಡುವವರಿಲ್ಲ, ಎದುರು ಸಿಕ್ಕವರು ದಾರಿ ಬದಲಿಸುತ್ತಾರೆ, ಹೆಂಡತಿ ಕುಂಕುಮ ಹಚ್ಚಿಕೊಂಡರೆ ಗುಸುಗುಸು. "ನಾ ಬದುಕೀನಿ ಅಂತ ಇವರಿಗೆ ನೀವರ ಹೇಳ್ರಿ ಮಾಸ್ತರ" ಎಂದ. ಅವನ ಕಣ್ಣಲ್ಲಿ ನೀರಿತ್ತು.

ಹೇಳಲು ಪುರಸೊತ್ತು ಎಲ್ಲಿ? ಅಷ್ಟರಲ್ಲಿ ಶಿಷ್ಯರೆಲ್ಲ ಎದ್ದು ಬಂದು ಅವನ ಕಾಲಿಗೆ ಬಿದ್ದಿದ್ದರು.

"ಏಳ್ರಿ, ಏಳ್ರಿ. ನಾ ಸತ್ತಿಲ್ಲ, ಬದುಕೀನಿ" ಎಂದ ಅವನು.

"ಹೌದ್ರಿ ಯಪ್ಪಾ. ನಮ್ಮ ಪಾಲಿಗೆ ನೀವು ಯಾವತ್ತೂ ಬದುಕೇ ಇದ್ದೀರಿ."

"ಲೇ, ಖರೇನ ಬದುಕೀನೋ. ಕೈ ಮುಟ್ಟಿ ನೋಡು."

ಒಬ್ಬ ಮುಟ್ಟಿದ. "ತಣ್ಣಗದಾವ" ಎಂದು ಉಳಿದವರಿಗೆ ತಿಳಿಸಿದ. ನಾನು ನಡುವೆ ಬಂದು, ಇವರು ನಿಜವಾಗಿಯೂ ಬದುಕಿದ್ದಾರೆ ಎಂದೆ. "ನಿಮಗೇನ್ ತಿಳೀತೈತಿ ಮಾಸ್ತರ, ನೀವು ಬಾಗಲಾ ತಗಿಯಾವ್ರು" ಎಂದರು.

ಅವನು ಸೋತುಹೋದ. ಶಿಷ್ಯರು ತಂದುಕೊಟ್ಟ ಚಾ ಕುಡಿದ. ಸಾವಕಾರರು ಓಡಿಬಂದು ಅವನನ್ನು ಪಕ್ಕಕ್ಕೆ ಕರೆದೊಯ್ದು ಬಹಳ ಹೊತ್ತು ಮಾತಾಡಿದರು. ಮುಂಡರಗಿಯ ಅವರ ಅಂಗಡಿಯಲ್ಲಿ ಅವನಿಗೆ ಕೆಲಸ, ಬೆಟಗೇರಿಯಲ್ಲಿ ಮಾತ್ರ ಸತ್ತವನು ಸತ್ತ ಹಾಗೆಯೇ ಇರಬೇಕು ಎಂದು ಒಪ್ಪಂದವಾಯಿತು. ನನ್ನ ನೌಕರಿಯೂ ಕಾಯಂ ಆಯಿತು.

ಆ ವಾರವೇ ಲಕ್ಷ್ಮೇಶ್ವರಕ್ಕೆ ಹೋದೆ. ಎದೆಯುಬ್ಬಿಸಿ ಅಪ್ಪನ ಮುಂದೆ ನಿಂತು, ನೌಕರಿ ನಿಂತಿದೆ, ಇನ್ನು ನನ್ನನ್ನು ಪೂಜೆಗೆ ಕರೆಯಬೇಡಿ ಎಂದೆ. ಅಪ್ಪನಿಗೂ ಸಂತೋಷವಾದಂತೆ ಕಂಡಿತು.

"ಚಲೋ ಆತು. ದಿನಾ ಏನೇನು ಕೆಲಸ ಇರ್ತದ ನಿನಗ?" ಎಂದು ಕೇಳಿದರು.

ಹೇಳಿದೆ. ಬೆಳಗ್ಗೆ ಬಾಗಿಲು ತೆಗೆಯುತ್ತೇನೆ. ಕಸ ಹೊಡೆದು ಸ್ಟೇರಿಂಗು ಒರೆಸಿ ಹೂವು ಇಡುತ್ತೇನೆ. ಬಂದವರನ್ನು ಪಾಳಿಯಿಂದ ಒಳಗೆ ಬಿಡುತ್ತೇನೆ. ಅವರು ಬರುವುದು ನನ್ನನ್ನು ನೋಡಲಿಕ್ಕಲ್ಲ, ಕಣ್ಣು ಮುಚ್ಚಿ ಕೂತು ಕಾಣದವನೊಬ್ಬನ ಹತ್ತಿರ ಮಾತಾಡುತ್ತಾರೆ. ಆ ಕಾಣದವರು ಕೇಳಿಸಿಕೊಂಡರೇ ಎಂದು ಹೋಗುವಾಗ ನನ್ನನ್ನು ಕೇಳುತ್ತಾರೆ. ಕೇಳಿಸಿಕೊಂಡರು ಎನ್ನುತ್ತೇನೆ. ಬಂದವರು ಇಟ್ಟ ತೆಂಗಿನಕಾಯಿ, ಬಾಳೆಹಣ್ಣು ತೆಗೆದಿಟ್ಟು ಸಂಜೆ ಬಾಗಿಲು ಹಾಕುತ್ತೇನೆ.

ಅಪ್ಪ ಪೂರ್ತಿ ಕೇಳಿ, ಅಡಿಗೆಮನೆಯ ಕಡೆ ತಿರುಗಿ ಅವ್ವನಿಗೆ ಕೂಗಿ ಹೇಳಿದರು.

"ಕೇಳಿದ್ಯೇನ? ನಿನ್ನ ಮಗಾ ಗುಡಿ ಬಿಟ್ಟಿಲ್ಲ. ದೇವರನ್ನಷ್ಟ ಬದಲಿ ಮಾಡ್ಯಾನ."